ತೋಟದ ದಾರಿಗೂ ದಿನದ ಓಡಾಟಕ್ಕೂ ಪಿಕಪ್: ಮಿಡ್‌ಸೈಜ್ ಸಾಕಾ, ಫುಲ್‌ಸೈಜ್ ಬೇಕಾ?

ಮಾವಿನತೋಪು (ಶ್ರೀನಿವಾಸಪುರ):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಶ್ರೀನಿವಾಸಪುರದ ಹತ್ತಿರ ಎಂಟು ಎಕರೆ ಮಾವಿನ ತೋಪು. ಬಾದಾಮಿ ಸ್ವಲ್ಪ, ತೋತಾಪುರಿ ಜಾಸ್ತಿ. ನಾನಿರುವುದು ಕೋಲಾರ ಟೌನಲ್ಲಿ, ಕೆಲಸ ನರಸಾಪುರದ ಕಡೆ. ವಾರಕ್ಕೆ ಎರಡು ಸಲ ತೋಟಕ್ಕೆ ಹೋಗಲೇಬೇಕು. ಈಗಿರುವ ಸಣ್ಣ ಕಾರಿನ ಹೊಟ್ಟೆ ಕೆರೆ ಕಟ್ಟೆ ಇಳಿಯುವಾಗ ಎಷ್ಟು ಸಲ ಕಲ್ಲಿಗೆ ತಾಗಿದೆಯೋ ಲೆಕ್ಕ ಇಟ್ಟಿಲ್ಲ. ಟಾರು ಬಿಟ್ಟ ಮೇಲೆ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಬೇಸಿಗೆಯಲ್ಲಿ ಧೂಳು, ಮಳೆ ಬಿದ್ದರೆ ಕೆಮ್ಮಣ್ಣು ಸೋಪಿನ ಹಾಗೆ ಜಾರುತ್ತದೆ. ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದ ಮೇಲೆ ಕೆರೆ ಪಕ್ಕದ ತಗ್ಗು ವರ್ಷಪೂರ್ತಿ ಜೌಗು. ಕೆರೆ ತುಂಬಿದ್ದಕ್ಕೆ ಖುಷಿಯೇ ಇದೆ, ಬೈಯುತ್ತಿಲ್ಲ.

ಪಿಕಪ್ ತಗೋಬೇಕು ಅಂತ ತೀರ್ಮಾನ ಆಗಿದೆ. ಟೊಯೋಟಾ ಹೈಲಕ್ಸ್ ಮತ್ತು ಇಸುಜು ವಿ-ಕ್ರಾಸ್ ಎರಡನ್ನೂ ನೋಡಿ ಬಂದೆ. ಅಷ್ಟರಲ್ಲಿ ಹೂಸ್ಟನ್‌ನಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿ ತಲೆ ಕೆಡಿಸಿದ. ಅವನ ಹತ್ತಿರ ಫೋರ್ಡ್‌ನ ಎಫ್-150 ಇದೆ, ಅಲ್ಲಿನ ಫುಲ್‌ಸೈಜ್ ಪಿಕಪ್, ಅಂದರೆ ನಾನು ನೋಡಿದ್ದಕ್ಕಿಂತ ಒಂದು ಸೈಜು ದೊಡ್ಡದು. "ನೀನು ನೋಡುತ್ತಿರುವುದು ಇಲ್ಲಿ ಮಿಡ್‌ಸೈಜ್, ಹುಡುಗರು ಓಡಿಸೋದು. ತಗೊಂಡರೆ ಫುಲ್‌ಸೈಜ್ ತಗೋ, ಯಾರಾದರೂ ಇಂಪೋರ್ಟ್ ಮಾಡಿದ್ದು ಬೆಂಗಳೂರಲ್ಲಿ ಸಿಕ್ಕೇ ಸಿಗುತ್ತದೆ" ಅಂದ. ದುಡ್ಡಿನ ವಿಷಯ ಸದ್ಯಕ್ಕೆ ಪಕ್ಕಕ್ಕಿಡಿ. ಕೆಸರು, ಬಂಡೆ, ಆಮೇಲೆ ದಿನಾ ಆಫೀಸು, ಈ ಮೂರಕ್ಕೂ ಯಾವ ಸೈಜು ಸರಿ? ದೊಡ್ಡ ಗಾಡಿ ಅಂದರೆ ಆಫ್‌ರೋಡ್‌ನಲ್ಲೂ ಜಾಸ್ತಿ ತಾಕತ್ತು ಅಲ್ವಾ?

---

ಟೆಕ್ಸಸ್‌ರಿಟರ್ನ್ (ಮಾಲೂರು):

ಅಲ್ಲಿ ನಾಲ್ಕು ವರ್ಷ ಫುಲ್‌ಸೈಜ್ ಓಡಿಸಿದ್ದೇನೆ, ಅದಕ್ಕೇ ಹೇಳುತ್ತೇನೆ, ಬೇಡ.

ಗಾಡಿ ಕೆಟ್ಟದ್ದು ಅಂತ ಅಲ್ಲ. ಅದರಷ್ಟು ಆರಾಮ ಇನ್ನೊಂದಿಲ್ಲ, ಹಿಂದಿನ ಸೀಟಲ್ಲಿ ಕಾಲು ಚಾಚಿ ಮಲಗಬಹುದು. ಆದರೆ ಅದು ಹುಟ್ಟಿದ್ದು ಬೇರೆ ರಸ್ತೆಗೆ. ಅಮೆರಿಕದ ಹೈವೇಯಲ್ಲಿ ಒಂದು ಲೇನ್ ಅಂದರೆ 12 ಅಡಿ, ಅಂದರೆ 3.66 ಮೀಟರ್. ನಮ್ಮ ಹಳ್ಳಿಯ ಟಾರು ರಸ್ತೆ ಪೂರ್ತಿ ಸೇರಿದರೆ ಸಾಮಾನ್ಯವಾಗಿ 3.75 ಮೀಟರ್. ಅವರ ಒಂದು ಲೇನು, ನಮ್ಮ ಇಡೀ ರಸ್ತೆ! ಅದರಲ್ಲೇ ಎದುರಿಗೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಬರಬೇಕು, ಪಕ್ಕದಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕು ಹೋಗಬೇಕು.

ಎಫ್-150 ಬಾಡಿ ಅಗಲ ಸುಮಾರು 2.03 ಮೀಟರ್. ಕನ್ನಡಿ ಬಿಚ್ಚಿದರೆ 2.43. ಎರಡು ಸಾಲು ಸೀಟಿನ ಡಬಲ್ ಕ್ಯಾಬ್ ಉದ್ದ 5.88. ಹೈಲಕ್ಸ್ ಅಗಲ 1.855, ಉದ್ದ 5.325. ವಿ-ಕ್ರಾಸ್ ಕೂಡ ಹೆಚ್ಚುಕಡಿಮೆ ಅಷ್ಟೇ. ಕಾಗದದ ಮೇಲೆ ಅಗಲದಲ್ಲಿ ಒಂದು ಗೇಣು ವ್ಯತ್ಯಾಸ ಅನಿಸುತ್ತದೆ. ಕೋಲಾರದ ಡೂಮ್‌ಲೈಟ್ ಸರ್ಕಲ್‌ನಲ್ಲಿ ಸಂಜೆ ಆರು ಗಂಟೆಗೆ ಆ ಒಂದು ಗೇಣೇ ಎಲ್ಲ.

ಇನ್ನು "ಜಾಸ್ತಿ ತಾಕತ್ತು". ಇದೆ, ಆದರೆ ಎಲ್ಲಿಗೆ? ಅಲ್ಲಿ ಫುಲ್‌ಸೈಜ್ ತಗೊಳ್ಳುವವರಲ್ಲಿ ಬಹಳ ಜನ ಎಳೆಯುವುದಕ್ಕೆ ತಗೋತಾರೆ. ದೋಣಿ, ಕುದುರೆ ಟ್ರೈಲರ್, ಮನೆಯಂಥ ಕ್ಯಾಂಪರ್. ಸರಿಯಾದ ಇಂಜಿನ್, ಹಿಚ್ ಇದ್ದರೆ ಐದಾರು ಟನ್ ಎಳೆಯುತ್ತದೆ. ನೀವು ಏನು ಎಳೆಯುತ್ತೀರಿ? ತೋಟದಲ್ಲಿ ಎಳೆಯುವುದಿದ್ದರೆ ಟ್ರ್ಯಾಕ್ಟರ್ ಇದ್ದೇ ಇದೆ.

ಇನ್ನೊಂದು. ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸುತ್ತೇವೆ ಅಂತ 2021ರಲ್ಲೇ ಹೇಳಿತು. ಶೆವರ್ಲೆ 2017ರ ಕೊನೆಗೆ ಮಾರಾಟ ನಿಲ್ಲಿಸಿತು. ಇಂಪೋರ್ಟ್ ಗಾಡಿಯ ಮುಂದಿನ ಗಾಜು ಒಡೆದರೆ ಯಾರನ್ನು ಕೇಳುತ್ತೀರಿ? ಬಹಳಷ್ಟು ಗಾಡಿಗಳಿಗೆ ಸ್ಟೀರಿಂಗ್ ಎಡಗಡೆ ಬೇರೆ. ಒಂದೇ ಲೇನಿನ ರಸ್ತೆಯಲ್ಲಿ ಲಾರಿ ಓವರ್‌ಟೇಕ್ ಮಾಡಲು ಪಕ್ಕದಲ್ಲಿ ಕೂತವರು "ಬಾ ಬಾ" ಅಂತ ಹೇಳುತ್ತಿರಬೇಕು.

ನಿಮ್ಮ ಕಸಿನ್ ಹೇಳಿದ್ದು ಅವರ ಊರಿಗೆ ಸರಿ. ಒಂದು ಕೆಲಸ ಮಾಡಿ. ಶೋರೂಮಿಗೆ ಹೋಗುವ ಮುಂಚೆ ಟೇಪ್ ಹಿಡಿದು ತೋಟದ ದಾರಿ ಅಳೆಯಿರಿ. ಎಲ್ಲಿ ಅತಿ ಕಿರಿದೋ ಅಲ್ಲಿ.

---

ಬಾಕ್ಸ್‌ಗಾಡಿ (ವಡ್ಡಹಳ್ಳಿ):

ಟೊಮೆಟೊ ಮಂಡಿಯಿಂದ ಬರೆಯುತ್ತಿದ್ದೇನೆ ಸಾರ್. ನಗು ಬರುತ್ತಿದೆ, ತಪ್ಪು ತಿಳಿಯಬೇಡಿ.

ಮೂವತ್ತು ಲಕ್ಷದ ಗಾಡಿ ಎಷ್ಟು ಲೋಡು ಹೊರುತ್ತದೆ ಅಂತ ಕೇಳಿದಿರಾ? ಹೈಲಕ್ಸ್ ಆಗಲಿ ವಿ-ಕ್ರಾಸ್ ಆಗಲಿ, ಕಾಗದದ ಪ್ರಕಾರ ಅರ್ಧ ಟನ್ ಕೂಡ ಇಲ್ಲ. ನಮ್ಮ ಬೊಲೆರೊ ಕ್ಯಾಂಪರ್ ಒಂದು ಟನ್. ಬೊಲೆರೊ ಪಿಕಪ್, ಟಾಟಾ ಯೋಧಾ ಇನ್ನೂ ಜಾಸ್ತಿ. ಟೊಮೆಟೊ ಬಾಕ್ಸ್ ಒಂದಕ್ಕೆ 15 ಕೆಜಿ. ನೂರು ಬಾಕ್ಸ್ ಅಂದರೆ ಒಂದೂವರೆ ಟನ್. 2023ರ ಜುಲೈನಲ್ಲಿ ಬಾಕ್ಸ್ ಎರಡು ಸಾವಿರ ದಾಟಿತಲ್ಲ, ಆವಾಗ ಮಂಡಿಗೆ ಮಾಲು ತಂದಿದ್ದು ಇಂಥ ಗಾಡಿಗಳೇ, ಅಲಾಯ್ ವೀಲ್ ಗಾಡಿಗಳಲ್ಲ.

ಡಬಲ್ ಕ್ಯಾಬ್‌ನಲ್ಲಿ ಹಿಂದಿನ ತೊಟ್ಟಿ ಉದ್ದ ಐದು ಅಡಿ ಆಸುಪಾಸು. ಏಣಿ ಹಾಕಿದರೆ ಅರ್ಧ ಹೊರಗೆ ಚಾಚಿಕೊಂಡಿರುತ್ತದೆ. ತೊಟ್ಟಿ ಎತ್ತರವೂ ಜಾಸ್ತಿ. 50 ಕೆಜಿ ಬೂಸಾ ಮೂಟೆಯನ್ನು ಎದೆಮಟ್ಟಕ್ಕೆ ಎತ್ತಿ ಎತ್ತಿ ಹಾಕಿ ನೋಡಿ, ನಾಲ್ಕನೇ ಮೂಟೆಗೆ ಸೊಂಟ ಮಾತಾಡುತ್ತದೆ.

ಕ್ಯಾಂಪರ್‌ನಲ್ಲೂ ಫೋರ್ ವೀಲ್ ಡ್ರೈವ್ ಬರುತ್ತದೆ. 75 ಹಾರ್ಸ್‌ಪವರ್ ಅಷ್ಟೇ, ಹೈವೇಯಲ್ಲಿ ಯಾರೂ ತಿರುಗಿ ನೋಡಲ್ಲ. ಆದರೆ ಗೇರ್‌ಬಾಕ್ಸ್ ಬಿಚ್ಚುವುದು ಯಲ್ದೂರಿನ ಮೆಕಾನಿಕ್‌ಗೂ ಗೊತ್ತು. ಬೆಲೆ ಮೂರರಲ್ಲಿ ಒಂದು ಪಾಲು. ಮಿಕ್ಕಿದ್ದರಲ್ಲಿ ಬೋರ್ ಹಾಕಿಸಿ.

---

ಕೆಸರುಗಾಲು (ಚಿಕ್ಕಬಳ್ಳಾಪುರ):

ಬಾಕ್ಸ್‌ಗಾಡಿಯವರೇ, ಲೋಡಿನ ಮಾತು ನೂರಕ್ಕೆ ನೂರು ಒಪ್ಪಿದೆ. ಆದರೆ ಅವರು ದಿನಾ ಆಫೀಸಿಗೂ ಹೋಗಬೇಕು ಅಂದಿದ್ದಾರೆ. ಕ್ಯಾಂಪರ್‌ನಲ್ಲಿ ದಿನಾ ನರಸಾಪುರ ಹೋಗಿ ಬಂದರೆ ಬೆನ್ನಿಗೆ ಬೇರೆ ಬಜೆಟ್ ಇಡಬೇಕು.

ನನ್ನದು ವಿ-ಕ್ರಾಸ್, ಐದು ವರ್ಷ ಆಯಿತು. ಆಫ್‌ರೋಡ್ ಬಗ್ಗೆ ಒಂದೇ ಮಾತು ಹೇಳುತ್ತೇನೆ. ಗಾತ್ರ ದೊಡ್ಡದಾದಷ್ಟೂ ಕಷ್ಟ ಜಾಸ್ತಿ. ಥಾರ್‌ನ ಮುಂದಿನ ಹಿಂದಿನ ಗಾಲಿಗಳ ನಡುವಿನ ದೂರ 2.45 ಮೀಟರ್. ಹೈಲಕ್ಸ್‌ನದು 3.085. ಎಫ್-150 ಡಬಲ್ ಕ್ಯಾಬ್‌ನದು 3.69. ಬದು ಹತ್ತಿ ಇಳಿಯುವಾಗ ಮುಂದಿನ ಗಾಲಿ ಆ ಕಡೆ, ಹಿಂದಿನದು ಈ ಕಡೆ, ಹೊಟ್ಟೆ ಬದುವಿನ ಮೇಲೆ. ಈ ದೂರ ಜಾಸ್ತಿ ಆದಷ್ಟೂ ಹೊಟ್ಟೆ ಬೇಗ ತಾಗುತ್ತದೆ. ಇದಕ್ಕೆ ಹಾರ್ಸ್‌ಪವರ್ ಏನೂ ಮಾಡಲ್ಲ. ತಿರುವೂ ಹಾಗೇ. ಪಿಕಪ್ ಮಧ್ಯಮ ಗಾತ್ರದ್ದೇ ಆದರೂ ಕಿರಿದಾದ ದಾರಿಯಲ್ಲಿ ಮುಂದೆ ಹಿಂದೆ ಮುಂದೆ ಮಾಡಿಯೇ ತಿರುಗಿಸಬೇಕು.

ಎರಡನೆಯದು ಯಾರೂ ಹೇಳದ ವಿಷಯ. ಖಾಲಿ ಪಿಕಪ್ ಹಿಂದೆ ಹಗುರ. ತೂಕವೆಲ್ಲ ಮುಂದೆ, ಇಂಜಿನ್ ಮೇಲೆ. ಹಿಂದಿನ ಪಟ್ಟಿ ಸ್ಪ್ರಿಂಗ್ ಲೋಡಿಗಾಗಿ ಮಾಡಿದ್ದು, ಖಾಲಿ ಇದ್ದರೆ ಹಂಪ್ ಮೇಲೆ ಹಿಂಭಾಗ ಕುರಿಮರಿ ಹಾಗೆ ಜಿಗಿಯುತ್ತದೆ. ಒದ್ದೆ ಮಣ್ಣಲ್ಲಿ ಟೂ ವೀಲ್ ಡ್ರೈವ್‌ನಲ್ಲಿ, ಅಂದರೆ ಹಿಂದಿನ ಎರಡು ಗಾಲಿಗೆ ಮಾತ್ರ ಶಕ್ತಿ ಕೊಟ್ಟು ಹೋದರೆ ಹಿಂದಿನ ಗಾಲಿ ಸುಮ್ನೆ ಸುತ್ತುತ್ತದೆ. ನಾನು ಮಳೆಗಾಲದಲ್ಲಿ ಎರಡು ಮೂಟೆ ಮರಳು ಹಿಂದಿನ ಆಕ್ಸಲ್ ಮೇಲೆ ಬರುವ ಹಾಗೆ ಹಾಕಿಟ್ಟಿರುತ್ತೇನೆ. ನಮ್ಮ ಮನೆಯವಳು ಅದನ್ನು ದೇವರ ಮೂಟೆ ಅಂತಾಳೆ.

ಆಮೇಲೆ ಕೆರೆ ಅಂಗಳ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಬಿರುಕು ಬಿಟ್ಟಿರುತ್ತದೆ, ಒಳಗೆ ಹೂಳು ಹಸಿ. ಒಂದು ಸಲ ಗುಡಿಬಂಡೆ ಕಡೆ ಶಾರ್ಟ್‌ಕಟ್ ಅಂತ ಇಳಿಸಿದೆ. ಫೋರ್ ಲೋ (ನಾಲ್ಕೂ ಗಾಲಿಗೆ ಶಕ್ತಿ ಕೊಡುವ ನಿಧಾನದ ಗೇರು) ಹಾಕಿ ಸೊಕ್ಕಿನಿಂದ ಆಕ್ಸಿಲರೇಟರ್ ಒತ್ತಿದ್ದೇ ತಪ್ಪು. ನಾಲ್ಕೂ ಗಾಲಿ ಗುಂಡಿ ತೋಡಿಕೊಂಡು ಚಾಸಿಸ್ ಕೂತಿತು. ಎರಡು ಟನ್ ಗಾಡಿ, ಅಲ್ಲಾಡಲಿಲ್ಲ. ಮೇಕೆ ಮೇಯಿಸುತ್ತಿದ್ದ ಅಜ್ಜ ತೆಲುಗಿನಲ್ಲಿ ಏನೋ ಹೇಳಿ ನಕ್ಕು ಊರಿಗೆ ಹೋಗಿ ಟ್ರ್ಯಾಕ್ಟರ್ ಕರೆದುಕೊಂಡು ಬಂದ. ಅವತ್ತು ಫುಲ್‌ಸೈಜ್ ಇದ್ದಿದ್ದರೆ ಎರಡು ಟ್ರ್ಯಾಕ್ಟರ್ ಬೇಕಾಗುತ್ತಿತ್ತು. ಕೆಸರಿಗೆ ಇಳಿಯುವ ಮುಂಚೆ ಟೈರ್ ಗಾಳಿ 20 ಪಿಎಸ್‌ಐ ಆಸುಪಾಸಿಗೆ ಇಳಿಸಿ, ಗಾಡಿಯಲ್ಲಿ ಸಣ್ಣ ಕಂಪ್ರೆಸರ್ ಇಟ್ಟುಕೊಳ್ಳಿ, ನಿಧಾನವಾಗಿ ಒಂದೇ ವೇಗದಲ್ಲಿ ಹೋಗಿ. ಮತ್ತೆ ಟಾರಿಗೆ ಬಂದ ತಕ್ಷಣ ಗಾಳಿ ಹೊಡೆದುಕೊಳ್ಳಿ, ಟೂ ವೀಲ್‌ಗೆ ಬದಲಾಯಿಸಿ. ಈ ಗಾಡಿಗಳಲ್ಲಿ ಮುಂದಿನ ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್, ಅಂದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ ಇರಲ್ಲ. ಒಣ ಟಾರಲ್ಲಿ ಫೋರ್ ವೀಲ್ ಹಾಕಿ ತಿರುಗಿಸಿದರೆ ಗಾಡಿ ಬಿಗಿದುಕೊಳ್ಳುತ್ತದೆ, ಒಳಗೆ ಭಾಗಗಳಿಗೆ ಏಟು.

---

ಮಾವಿನತೋಪು (ಶ್ರೀನಿವಾಸಪುರ):

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಟೇಪ್ ಹಿಡಿದು ಹೋಗಿದ್ದೆ.

ದಾರಿ ಕಷ್ಟ ಇಲ್ಲ, ಕತ್ತಾಳೆ ಬೇಲಿ ಸ್ವಲ್ಪ ಕಡಿದರೆ ಆಯಿತು. ಕಷ್ಟ ಇರುವುದು ತೋಟದ ಬಾಗಿಲಲ್ಲಿ. ಎರಡು ಕಲ್ಲು ಕಂಬ ಇವೆ, ತಾತನ ಕಾಲದ್ದು, ಅರ್ಧ ಆಳು ಭೂಮಿಯೊಳಗೆ. ಮಧ್ಯೆ ಏಳು ಅಡಿ ಮೂರು ಇಂಚು. ಅಂದರೆ 2.21 ಮೀಟರ್. ಎಫ್-150 ಕನ್ನಡಿ ಮಡಚಿ ನುಗ್ಗಿಸಿದರೂ ಆ ಕಡೆ ಈ ಕಡೆ ನಾಲ್ಕು ಬೆರಳು ಜಾಗ. ಹೈಲಕ್ಸ್ ಆದರೆ ಒಂದೊಂದು ಕಡೆ ಅರ್ಧ ಅಡಿ ಮೇಲೆ ಸಿಗುತ್ತದೆ. ಕಂಬ ಕಿತ್ತು ಅಗಲ ಮಾಡೋಣ ಅಂತ ಅಪ್ಪನ ಹತ್ತಿರ ಮೆಲ್ಲಗೆ ಕೇಳಿದೆ. "ಗಾಡಿ ನೋಡಿ ಬಾಗಿಲು ಮಾಡಿಸ್ತಾರಾ, ಬಾಗಿಲು ನೋಡಿ ಗಾಡಿ ತಗೋತಾರಾ" ಅಂದರು. ಅಲ್ಲಿಗೆ ಹೂಸ್ಟನ್ ವಿಷಯ ಮುಗಿಯಿತು.

ಈಗ ಉಳಿದಿದ್ದು ಹೈಲಕ್ಸ್ ಅಥವಾ ಹಳೇ ವಿ-ಕ್ರಾಸ್. ಹಣ್ಣಿನ ಸೀಸನ್‌ನಲ್ಲಿ ಬಾಕ್ಸ್‌ಗಾಡಿಯವರ ಥರದವರನ್ನೇ ಬಾಡಿಗೆಗೆ ಕರೆಯುತ್ತೇನೆ. ವರ್ಷದಲ್ಲಿ ಎರಡು ತಿಂಗಳ ಲೋಡಿಗೆ ನಾನೇ ಗಾಡಿ ಇಡಬೇಕಿಲ್ಲ. ದಿನದ ಓಡಾಟ ಮಾಡಿರುವವರು ಯಾರಾದರೂ ಇದ್ದರೆ ಹೇಳಿ.

---

ಕಲ್ಪತರುಸೀಮೆ (ತುಮಕೂರು):

ನಾನು ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ವಿ-ಕ್ರಾಸ್, ಮೂರು ವರ್ಷದಿಂದ ಓಡಿಸುತ್ತಿರುವುದು ನಾನೇ. ಮಗಳನ್ನು ಸ್ಕೂಲಿಗೆ ಬಿಡುವುದರಿಂದ ಹಿಡಿದು ತಿಪಟೂರಿನ ತೋಟದಿಂದ ಕಾಯಿ ತರುವವರೆಗೆ. ಸ್ಕೂಲ್ ಗೇಟ್ ಹತ್ತಿರ ಮೊದಮೊದಲು ಜನ "ಮೇಡಂ, ಡ್ರೈವರ್ ಇಲ್ವಾ" ಅಂತ ಕೇಳುತ್ತಿದ್ದರು. ಈಗ ಜಾಗ ಬಿಡುತ್ತಾರೆ.

ಡ್ರೈವಿಂಗ್ ಒಂದು ವಾರದಲ್ಲಿ ಕೈಗೆ ಬರುತ್ತದೆ. ಪಾರ್ಕಿಂಗ್ ಬರುವುದಿಲ್ಲ. ಮಾಲು, ಆಸ್ಪತ್ರೆಗಳಲ್ಲಿ ಕಾರಿಗೆ ಗೆರೆ ಎಳೆದಿರುವುದು ಸಾಮಾನ್ಯವಾಗಿ 5 ಮೀಟರ್ ಉದ್ದಕ್ಕೆ. ಈ ಗಾಡಿಗಳು 5.3. ಮೂತಿ ಹೊರಗೇ. ಬೆಂಗಳೂರಿಗೆ ಹೋದರೆ ಬೇಸ್‌ಮೆಂಟ್ ಇಳಿಸಲ್ಲ, ಹೊರಗೆ ನಿಲ್ಲಿಸಿ ಆಟೋ ಹಿಡಿಯುತ್ತೇನೆ. ಹಿಂದಿನ ಸೀಟಿನ ಬೆನ್ನು ನೆಟ್ಟಗೆ, ಅತ್ತೆಯವರು ಶಿರಾ ದಾಟುವಷ್ಟರಲ್ಲಿ ಇಳಿಸು ಅಂತಾರೆ. ನಿಮ್ಮ ಅಪ್ಪ ಅಮ್ಮನನ್ನು ಹಿಂದೆ ಕೂರಿಸಿ ಅರ್ಧ ಗಂಟೆ ಓಡಿಸಿ ನೋಡಿಯೇ ದುಡ್ಡು ಕೊಡಿ. ತೊಟ್ಟಿಗೆ ಮುಚ್ಚಳ ಹಾಕಿಸಿ, ಇಲ್ಲದಿದ್ದರೆ ಸಂತೆಯಲ್ಲಿ ತೆಂಗಿನಕಾಯಿ ಒಂದೊಂದೇ ಕಮ್ಮಿ ಆಗುತ್ತವೆ.

ಹೈಲಕ್ಸ್‌ಗೆ ಫಾರ್ಚುನರ್‌ನ 2.8 ಲೀಟರ್ ಇಂಜಿನ್ನೇ, 204 ಹಾರ್ಸ್‌ಪವರ್, ಆಟೋಮ್ಯಾಟಿಕ್‌ನಲ್ಲಿ 500 ನ್ಯೂಟನ್ ಮೀಟರ್ ಟಾರ್ಕ್. ಈಗಿನ ವಿ-ಕ್ರಾಸ್ 1.9 ಲೀಟರ್, 163. ನಿಮ್ಮ ಕೆರೆ ಕಟ್ಟೆಗೆ ಎರಡೂ ಬೇಕಾದಷ್ಟಾಯಿತು. ಹೈಲಕ್ಸ್‌ನಲ್ಲಿ ಹಿಂದಿನ ಡಿಫ್ ಲಾಕ್ ಇದೆ, ಅಂದರೆ ಹಿಂದಿನ ಎರಡೂ ಗಾಲಿ ಒಟ್ಟಿಗೇ ತಿರುಗುವ ಹಾಗೆ ಕಟ್ಟುವುದು, ಒಂದು ಗಾಲಿ ಗಾಳಿಯಲ್ಲಿ ಎದ್ದಾಗ ಅದೇ ಕಾಪಾಡುತ್ತದೆ. ನಿಮ್ಮ ಜೌಗು ಅಷ್ಟು ಆಳ ಇದ್ದರೆ ಮಾತ್ರ ಅದಕ್ಕಾಗಿ ಅಷ್ಟು ದುಡ್ಡು ಕೊಡಿ.

ಹಳೇ ಗಾಡಿ ನೋಡುವಾಗ ಮೊದಲು ಆರ್‌ಸಿ ನೋಡಿ. ಬಿಳಿ ಬೋರ್ಡಾ ಹಳದಿ ಬೋರ್ಡಾ, ಸ್ವಂತಕ್ಕಾ ಸರಕಿಗಾ. ಟ್ಯಾಕ್ಸು, ಇನ್ಶೂರೆನ್ಸು, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎಲ್ಲ ಅದರ ಮೇಲೆ ನಿಲ್ಲುತ್ತದೆ. ಬಿಳಿ ಬೋರ್ಡಲ್ಲಿ ಬಾಡಿಗೆ ಲೋಡು ಹೊಡೆಯಬೇಡಿ, ಅಪಘಾತ ಆದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. ಲೈಸೆನ್ಸ್ ಬಗ್ಗೆ ಭಯ ಬೇಡ. ಮಾಮೂಲಿ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಸಾರಿಗೆ ವಾಹನ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಆಮೇಲೆ ಗಾಡಿ ಕೆಳಗೆ ಮಲಗಿ ನೋಡಿ. ಚಾಸಿಸ್ ಮೇಲೆ ಹೊಸ ಕಪ್ಪು ಪೇಂಟ್ ಕಂಡರೆ ಏನೋ ಮುಚ್ಚಿಟ್ಟಿದ್ದಾರೆ ಅಂತ, ಎದ್ದು ಬನ್ನಿ. ಫೋರ್ ಹೈ, ಫೋರ್ ಲೋ ಎರಡನ್ನೂ ಮಣ್ಣಲ್ಲಿ ಹಾಕಿಸಿ ನೋಡಿ. ಎಷ್ಟೋ ಗಾಡಿಗಳಲ್ಲಿ ಆ ಗುಂಡಿಯನ್ನು ಯಾರೂ ಮುಟ್ಟಿಯೇ ಇರುವುದಿಲ್ಲ, ನಿಮ್ಮ ಕೈಯಲ್ಲಿ ಮೊದಲ ಸಲ ತಿರುಗಿದಾಗಲೇ ಜಾಮ್ ಆಗುತ್ತದೆ.

---

ಬಾಕ್ಸ್‌ಗಾಡಿ (ವಡ್ಡಹಳ್ಳಿ):

ಮೇಡಂ ಹೇಳಿದ್ದು ಸರಿ. ತೋತಾಪುರಿ ಕೀಳುವ ಒಂದು ವಾರ ಮುಂಚೆ ಹೇಳಿ ಸಾರ್, ಸೀಸನ್‌ನಲ್ಲಿ ಗಾಡಿ ಸಿಗಲ್ಲ. ಏಳು ಅಡಿ ಮೂರು ಇಂಚು ನಮಗೆ ಸಾಕು.

---

ಮಾವಿನತೋಪು (ಶ್ರೀನಿವಾಸಪುರ):

ಖಂಡಿತ. ಚಿಂತಾಮಣಿಯಲ್ಲಿ ಒಂದು ಹಳೇ ವಿ-ಕ್ರಾಸ್ ಇದೆಯಂತೆ, ಬಿಳಿ ಬೋರ್ಡು, ಒಬ್ಬರೇ ಓನರ್. ಶನಿವಾರ ಅಪ್ಪ ಅಮ್ಮ ಇಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಹಿಂದಿನ ಸೀಟಲ್ಲಿ ಕೂತು ಅಮ್ಮ ಏನಂತಾರೆ ಅಂತ ಬಂದು ಬರೆಯುತ್ತೇನೆ.