ಬೆಳಗಿನ ಬಲೂನಿನ ಅಳತೆಯಿಂದ ಮಧ್ಯಾಹ್ನದ ಗುಡುಗು ಮೋಡವನ್ನು ಅರಿಯುವುದು ಹೇಗೆ?

ಪ್ರಶ್ನೆ – ಬದಿಯಡ್ಕದ ಶಿಕ್ಷಕ

ಹವಾಮಾನ ಬಲೂನುಗಳನ್ನು ನಮ್ಮ ಗಡಿಯಾರದ ಪ್ರಕಾರ ಬೆಳಗ್ಗೆ ಮತ್ತು ಸಂಜೆ 5.30ರ ಅಳತೆಗಾಗಿ ಹಾರಿಸುತ್ತಾರೆ. ಆದರೆ ಕಾಸರಗೋಡಿನಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಹೆಚ್ಚಾಗಿ ಬರುವುದು ಮಧ್ಯಾಹ್ನದ ಮೇಲೆ. ಕಳೆದ ವಾರ ಮಂಗಳೂರು ಕೇಂದ್ರದ (ಸಂಖ್ಯೆ 43285) ಬೆಳಗಿನ ಅಳತೆಯನ್ನು ವಯೋಮಿಂಗ್ ವಿಶ್ವವಿದ್ಯಾಲಯದ ಜಾಲತಾಣದಿಂದ ತೆಗೆದು ಮಕ್ಕಳಿಗೆ ತೋರಿಸಿದೆ. ಮೋಡ ಮೇಲೇರಲು ಸಿಗುವ ಶಕ್ತಿ, ಅಂದರೆ ‘ಕೇಪ್’, ಅದರಲ್ಲಿ ತೀರ ಕಡಿಮೆಯಿತ್ತು. ಅದೇ ದಿನ ನಾಲ್ಕು ಗಂಟೆಗೆ ಅಂಗಳದ ಅಡಿಕೆಯನ್ನು ಬಾಚಿ ಒಳಗೆ ಹಾಕುವಷ್ಟರಲ್ಲಿ ಸಿಡಿಲು ಬಡಿದೇ ಬಿಟ್ಟಿತು. ಬಲೂನಿನ ಅಳತೆ ತಪ್ಪೇ ಎಂದು ಮರುದಿನ ಮಕ್ಕಳು ಕೇಳಿದರು.

ಉತ್ತರ – ಕುಂಬಳೆಯ ಹವಾಮಾನ ವಿದ್ಯಾರ್ಥಿನಿ

ಮಾಷ್ಟ್ರೇ, ಅಳತೆ ಸರಿಯಾಗಿಯೇ ಇದೆ, ಆದರೆ ಅದು ಬೆಳಗಿನ ಗಾಳಿಯದು. ರಾತ್ರಿ ನೆಲ ತಣಿದಿರುವುದರಿಂದ ನೆಲಕ್ಕೆ ತಾಗಿದ ಗಾಳಿಯೂ ತಂಪಾಗಿರುತ್ತದೆ, ಆ ಗಾಳಿಯನ್ನೇ ಮೇಲೆತ್ತಿ ಲೆಕ್ಕ ಹಾಕಿದರೆ ಕೇಪ್ ಕಡಿಮೆಯೇ ಬರುತ್ತದೆ. ಮೂರು ಕಿಲೋಮೀಟರಿನಿಂದ ಮೇಲಿನ ಗಾಳಿಯ ಉಷ್ಣತೆ ಮಾತ್ರ ಮಧ್ಯಾಹ್ನದೊಳಗೆ ಸಾಮಾನ್ಯವಾಗಿ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಮೇಲಿನ ಅಳತೆಯನ್ನು ಹಾಗೆಯೇ ಇಟ್ಟುಕೊಂಡು, ಕೆಳಗಿನದರ ಬದಲು ನಿಮ್ಮ ಶಾಲೆಯಂಗಳದ ಮಧ್ಯಾಹ್ನದ ಉಷ್ಣತೆ ಮತ್ತು ಇಬ್ಬನಿ ಬಿಂದುವನ್ನು, ಅಂದರೆ ಗಾಳಿ ತಣಿದಾಗ ಅದರ ಆವಿ ನೀರಾಗತೊಡಗುವ ಉಷ್ಣತೆಯನ್ನು, ಹಾಕಿ ನೋಡಿ. ಅವು 34 ಮತ್ತು 24 ಡಿಗ್ರಿ ಎಂದಿಟ್ಟುಕೊಳ್ಳಿ. ಒಂದು ಡಿಗ್ರಿ ಅಂತರಕ್ಕೆ ಸುಮಾರು 125 ಮೀಟರಿನಂತೆ ಮೋಡದ ತಳ 1250 ಮೀಟರಿನಲ್ಲಿ ಕೂರುತ್ತದೆ. ಅಲ್ಲಿಂದ ಮೇಲೆ ಆವಿ ನೀರಾಗುವಾಗ ಬಿಟ್ಟ ಶಾಖದಿಂದ ಆ ಗಾಳಿ ನಿಧಾನವಾಗಿ ತಣಿಯುತ್ತದೆ, ಸುತ್ತಲಿನ ಗಾಳಿಗಿಂತ ಬೆಚ್ಚಗಿರುವಷ್ಟು ಎತ್ತರಕ್ಕೂ ತಾನಾಗಿ ಏರುತ್ತದೆ. ಪ್ರತಿ ಕಿಲೋಗ್ರಾಂ ಗಾಳಿಗೆ 2000 ಜೂಲ್ ಕೇಪ್ ಇದ್ದರೆ ಲೆಕ್ಕದ ಪ್ರಕಾರ ಸೆಕೆಂಡಿಗೆ 63 ಮೀಟರ್ ವೇಗ ಬರಬೇಕು. ಒಣಗಾಳಿ ಬೆರೆಯುವುದರಿಂದಲೂ ಮಳೆನೀರಿನ ಭಾರದಿಂದಲೂ ನಿಜವಾದ ವೇಗ ಅದರ ಅರ್ಧವನ್ನು ಮುಟ್ಟುವುದೂ ಅಪರೂಪ.

ಉತ್ತರ – ಮಂಜೇಶ್ವರದ ನಿವೃತ್ತ ಸಿಬ್ಬಂದಿ

ನಾನು ಹಲವು ವರ್ಷ ಬಲೂನು ಹಾರಿಸುವ ಕೆಲಸದಲ್ಲಿದ್ದವನು. ಜಲಜನಕ ತುಂಬಿದ ಬಲೂನಿನಿಂದ ದಾರದಲ್ಲಿ ಇಳಿಬಿಟ್ಟ, ಅಳತೆಯ ಉಪಕರಣವಿರುವ ಬಿಳಿ ಪೆಟ್ಟಿಗೆ ಅಂಗೈಯಲ್ಲಿ ಹಿಡಿಯುವಷ್ಟು ಹಗುರ, ಅದರಿಂದ ಹೊರಚಾಚಿದ ಕಡ್ಡಿಯ ತುದಿಯಲ್ಲಿ ಉಷ್ಣತೆ ಅಳೆಯುವ ಮಣಿ ಇರುತ್ತದೆ. ಮೋಡದೊಳಗೆ ಒದ್ದೆಯಾದ ಮಣಿ ಮೇಲಿನ ಒಣಗಾಳಿಗೆ ಬಂದೊಡನೆ, ಒದ್ದೆ ಬಟ್ಟೆ ಸುತ್ತಿದ ಹೂಜಿಯ ನೀರಿನಂತೆ ತಣಿಯುತ್ತದೆ. ಮೋಡದ ತುದಿಯಲ್ಲಿ ಉಷ್ಣತೆ ಸರಕ್ಕನೆ ಇಳಿದದ್ದು ಕಂಡರೆ ಅದನ್ನು ಒಮ್ಮೆಲೇ ನಂಬಬಾರದು. ಬಲೂನು ನಿಮಿಷಕ್ಕೆ ಸುಮಾರು 300 ಮೀಟರ್ ಏರುವುದರಿಂದ 16 ಕಿಲೋಮೀಟರ್ ತಲುಪಲು 53 ನಿಮಿಷ ಬೇಕು, ಅಷ್ಟರಲ್ಲಿ ಗಾಳಿ ಅದನ್ನು ದೂರ ಒಯ್ದಿರುತ್ತದೆ. ಮಳೆ ಬಂದು ಹೋದ ಮೇಲೆ ಹಾರಿಸಿದ ಸಂಜೆಯ ಬಲೂನು, ಮೋಡದಿಂದ ಕೆಳಗೆ ಸುರಿದ ತಂಪು ಗಾಳಿಯನ್ನೇ ಅಳೆಯಬಹುದು.

ಪ್ರಶ್ನೆ ಕೇಳಿದ ಶಿಕ್ಷಕ

ಇಬ್ಬರಿಗೂ ವಂದನೆಗಳು. ಇಂದು ಎರಡು ಗಂಟೆಗೆ ಮಕ್ಕಳೇ ಅಳೆದಾಗ 33 ಮತ್ತು 25 ಡಿಗ್ರಿ ಸಿಕ್ಕಿತು, ಮೋಡದ ತಳ 1000 ಮೀಟರ್ ಎಂದು ಕಪ್ಪು ಹಲಗೆಯಲ್ಲಿ ಬರೆದರು. ಆದರೆ ಮಳೆ ಬರಲೇ ಇಲ್ಲ.

ಉತ್ತರ – ಕುಂಬಳೆಯ ಹವಾಮಾನ ವಿದ್ಯಾರ್ಥಿನಿ

ಇಂದಿನ ಬೆಳಗಿನ ಅಳತೆಯಲ್ಲಿ ಒಂದರಿಂದ ಎರಡು ಕಿಲೋಮೀಟರ್ ನಡುವೆ ಬೆಚ್ಚನೆಯ ಒಣ ಪದರವೇನಾದರೂ ಇದೆಯೇ ನೋಡಿ, ಮಾಷ್ಟ್ರೇ. ಕೆಳಗಿನ ಗಾಳಿಗೆ ಅದು ಮುಚ್ಚಳವಿದ್ದಂತೆ. ಕಡಲಗಾಳಿಯೋ ಘಟ್ಟದ ಏರೋ ಗಾಳಿಯನ್ನು ಆ ಮುಚ್ಚಳದಾಚೆಗೆ ದೂಡದಿದ್ದರೆ, ಕೇಪ್ ಎಷ್ಟಿದ್ದರೂ ಮೋಡ ಬೆಳೆಯುವುದಿಲ್ಲ.