ಓದುಗರ ಸ್ಪಂದನ: ಮಗ ಪೂಜೆಗೆ ಬರಲೊಲ್ಲ

ಕಳೆದ ಸಂಚಿಕೆಯ ಸಮಸ್ಯೆ: ಬಿ.ಎಸ್ಸಿ. ಓದುತ್ತಿರುವ ಮಗ ಭಾನುವಾರದ ಪೂಜೆಗೆ ಬರುವುದನ್ನು ಬಿಟ್ಟಿದ್ದಾನೆ. ‘ಕಾಲೇಜಿನಲ್ಲಿ ಮಹಾಸ್ಫೋಟ (ಬಿಗ್ ಬ್ಯಾಂಗ್) ಕಲಿತು, ಚರ್ಚಿನಲ್ಲಿ ಬೈಬಲಿನ ಆರು ದಿನದ ಸೃಷ್ಟಿಗೆ ಆಮೆನ್ ಅನ್ನಲಾರೆ’ ಅನ್ನುತ್ತಾನೆ. ಗದರಿಸಲೋ, ಸುಮ್ಮನಿರಲೋ?

ಅಕ್ಕಾ, ದಯವಿಟ್ಟು ಗದರಿಸಬೇಡಿ. ಮಹಾಸ್ಫೋಟದ ಕಲ್ಪನೆಗೆ ಬುನಾದಿ ಹಾಕಿದವರೇ ಒಬ್ಬ ಕಥೋಲಿಕ ಗುರು (ಪಾದ್ರಿ) ಎಂದು ಮಗನಿಗೆ ಯಾರೂ ಹೇಳಿದಂತಿಲ್ಲ. ಬೆಲ್ಜಿಯಂನ ಜಾರ್ಜ್ ಲೆಮೈತ್ರ್ 1927ರಲ್ಲಿ ವಿಶ್ವ ಹಿಗ್ಗುತ್ತಿದೆ ಎಂದು ಬರೆದರು. ಆಗ ಐನ್‌ಸ್ಟೈನ್ ಕೂಡ ಒಪ್ಪಲಿಲ್ಲ. 1931ರಲ್ಲಿ ಎಲ್ಲವೂ ಒಂದು ಆದಿ ಅಣುವಿನಿಂದ ಹೊರಟಿರಬೇಕು ಎಂದರು. ಹಾಗಂತ ‘ನೋಡು, ವಿಜ್ಞಾನವೇ ದೇವರನ್ನು ತೋರಿಸಿಕೊಟ್ಟಿತು’ ಎಂದು ಮಗನ ಮುಂದೆ ಹೇಳಲು ಹೋಗಬೇಡಿ. 1951ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಆ ಧಾಟಿಯಲ್ಲಿ ಮಾತಾಡಿದಾಗ ಲೆಮೈತ್ರ್ ಅವರಿಗೇ ಸರಿಬರಲಿಲ್ಲ. ತನ್ನ ಸಿದ್ಧಾಂತ ದೇವರಿದ್ದಾನೆ ಎಂಬುದಕ್ಕೂ ಪುರಾವೆಯಲ್ಲ, ಇಲ್ಲ ಎಂಬುದಕ್ಕೂ ಅಲ್ಲ ಎಂಬುದು ಅವರ ನಿಲುವು. ಲೆಕ್ಕಕ್ಕೆ ವಿಶ್ವಾಸದ ಬಣ್ಣ ಬಳಿಯಲಿಲ್ಲ, ಗುರುದೀಕ್ಷೆಯನ್ನೂ ಬಿಡಲಿಲ್ಲ. ನಾನು ಅವರನ್ನು ಮೆಚ್ಚುವುದು ಇದಕ್ಕಾಗಿಯೇ.
— ನಿವೃತ್ತ ಭೌತಶಾಸ್ತ್ರ ಮೇಷ್ಟ್ರು, ಹಾಸನ

ಆರು ದಿನದ ವಿಷಯ ನಿಮ್ಮ ಮಗ ಹೊಸದಾಗಿ ಕಂಡುಹಿಡಿದ ತೊಡಕಲ್ಲ ಅಮ್ಮಾ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ಸೂರ್ಯ ಹುಟ್ಟುವುದೇ ನಾಲ್ಕನೇ ದಿನ. ಹಾಗಾದರೆ ಮೊದಲ ಮೂರು ದಿನ ಎಂಥ ದಿನಗಳು? ಐದನೇ ಶತಮಾನದಲ್ಲೇ ಸಂತ ಅಗಸ್ಟೀನರು ಇದಕ್ಕೆ ತಲೆ ಕೆಡಿಸಿಕೊಂಡಿದ್ದರು, ಅವು ನಮ್ಮ ಸಾಮಾನ್ಯ ದಿನಗಳಲ್ಲ ಎಂದೇ ಓದಿದರು. ಆಕಾಶ, ನಕ್ಷತ್ರಗಳ ಬಗ್ಗೆ ತಿಳಿದವರ ಮುಂದೆ ಕ್ರೈಸ್ತನೊಬ್ಬ ಬೈಬಲ್ ಹಿಡಿದು ಅಸಂಬದ್ಧ ಮಾತಾಡಿದರೆ, ಪುನರುತ್ಥಾನದ ಮಾತನ್ನು ಅವರು ಹೇಗೆ ನಂಬಿಯಾರು ಎಂದು ಎಚ್ಚರಿಸಿದವರೂ ಅವರೇ. ಹದಿಮೂರನೇ ಶತಮಾನದ ಸಂತ ಥಾಮಸ್ ಅಕ್ವಿನಾಸರಂತೂ ಯಾವ ಪ್ರಶ್ನೆ ಎತ್ತಿಕೊಂಡರೂ ಎದುರಾಳಿಯ ಆಕ್ಷೇಪವನ್ನೇ ಮೊದಲು ಬರೆಯುತ್ತಿದ್ದರು. ದೇವರಿದ್ದಾನೆಯೇ ಎಂಬಲ್ಲಿ ಅವರು ಇಟ್ಟ ಆಕ್ಷೇಪ ಎರಡು: ಲೋಕದಲ್ಲಿ ಕೇಡಿದೆ, ದೇವರಿಲ್ಲದೆಯೂ ಲೋಕವನ್ನು ವಿವರಿಸಬಹುದು. ಎರಡನೆಯದು ನಿಮ್ಮ ಮಗನದೇ ಮಾತು! ಉತ್ತರ ಅವನಿಗೆ ಒಪ್ಪಿಗೆಯಾಗುತ್ತದೋ ಇಲ್ಲವೋ, ಓದಿಯಾದರೂ ನೋಡಲಿ.
— ಧರ್ಮೋಪದೇಶ ಶಿಕ್ಷಕಿ, ಮಂಗಳೂರು

ಅವನು ಗೆಲಿಲಿಯೋ ಹೆಸರು ಎತ್ತಿಯೇ ಎತ್ತುತ್ತಾನೆ. ಮುಚ್ಚಿಡಬೇಡಿ. ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಎಂದದ್ದಕ್ಕೆ 1633ರಲ್ಲಿ ಚರ್ಚು ಅವರನ್ನು ಶಿಕ್ಷಿಸಿದ್ದು ನಿಜ. ಅಂದಿನ ದೇವಶಾಸ್ತ್ರಜ್ಞರು ಎಡವಿದರು ಎಂದು ಪೋಪ್ ಎರಡನೇ ಜಾನ್ ಪಾಲ್ ಒಪ್ಪಿಕೊಂಡದ್ದು 1992ರಲ್ಲಿ. ಇಷ್ಟು ತಡವಾಯಿತಲ್ಲ ಎಂದು ನನಗೂ ಸಂಕಟವಿದೆ.
— ಓದುಗ, ಶಿವಮೊಗ್ಗ

ಬರೀ ವಾದದಿಂದ ಯಾರೂ ಮೊಣಕಾಲೂರುವುದಿಲ್ಲ ತಂಗಿ. ಪಾಸ್ಕಲ್ ಎಷ್ಟು ದೊಡ್ಡ ಗಣಿತಜ್ಞ! 1654ರ ನವೆಂಬರಿನ ಒಂದು ರಾತ್ರಿ ತನಗಾದ ದೇವರ ಅನುಭವವನ್ನು ಬರೆದು, ಆ ಕಾಗದವನ್ನು ಅಂಗಿಯ ಒಳಪದರಿಗೆ ಹೊಲಿದುಕೊಂಡಿದ್ದರು. ಅದು ಸಿಕ್ಕಿದ್ದು ಅವರು ತೀರಿಕೊಂಡ ಮೇಲೆ. ಇದನ್ನು ಮಗನಿಗೆ ಹೇಳಿ. ಜೊತೆಗೆ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಒಂದು ಸಂಜೆ ಊಟಕ್ಕೆ ಕರೆಯಿರಿ. ಅವರೂ ದೇವಶಾಸ್ತ್ರಕ್ಕೆ ಮೊದಲು ತತ್ತ್ವಶಾಸ್ತ್ರ ಓದಿ ಬಂದವರು. ಹುಡುಗ ಅವರನ್ನು ನೇರವಾಗಿ ಕೇಳಲಿ, ನೀವು ನಡುವೆ ಬಾಯಿ ಹಾಕಬೇಡಿ.
— ಇಬ್ಬರು ಮಕ್ಕಳ ತಾಯಿ, ಮೈಸೂರು