ಶಾಲೆಗೆ ಪೋಷಕರಾದ್ರೆ ಕ್ರಯಪತ್ರಕ್ಕೂ ಪಾಲಕರಾ?

ಆನಗೋಡು ರೈತ: ಅಪ್ಪ ಇಲ್ಲದ ಹುಡುಗಿ, ವಯಸ್ಸು 14. ತಾಯಿ ಇದ್ದಾರೆ, ಆದ್ರೆ ಸಾಕ್ತಿರೋದು ಚಿತ್ರದುರ್ಗದ ಸೋದರಮಾವ. ಶಾಲೆ ದಾಖಲೆಯಲ್ಲಿ ‘ಪೋಷಕರು’ ಅಂತ ಅವರದೇ ಹೆಸರು. ಅಜ್ಜಿ ವಿಲ್ ಬರೆದುಕೊಟ್ಟ ಅಡಿಕೆ ತೋಟ ಚನ್ನಗಿರಿ ಹತ್ತಿರ ಹುಡುಗಿ ಹೆಸರಲ್ಲಿದೆ. ಅದನ್ನ ಮಾರೋಕೆ ಮಾವ ‘ಪಾಲಕ’ ಅಂತ ಸಹಿ ಹಾಕಬಹುದಾ? ಎರಡೂ ಒಂದೇ ತಾನೆ?

ಕಟ್ಟೆಮಾತು: ಒಂದೇ ಬಿಡ್ರಿ. ಪಾಲನೆ ಪೋಷಣೆ ಜೋಡಿಯಾಗೇ ಬರುತ್ತೆ. ಹುಬ್ಬಳ್ಳಿ ಕಡೆ ಪಾಲಕರ ಸಭೆ, ನಮ್ಮಲ್ಲಿ ಪೋಷಕರ ಸಭೆ.

ಕೋಟೆ ಓದುಗ: ಸಭೆಗೆ ಸರಿ. ಆದ್ರೆ ಪೋಷಿಸೋದು ಅಂದ್ರೆ ಉಣಿಸಿ ಬೆಳೆಸೋದು. ಪುಷ್ಟಿ, ಪೋಷಕಾಂಶ ಎಲ್ಲಾ ಅದೇ ಬೇರಿನವು. ಪಾಲಿಸೋದು ಅಂದ್ರೆ ಕಾಯೋದು. ಗುಡಿ ಬಾಗಿಲಲ್ಲಿ ನಿಂತವನು ದ್ವಾರಪಾಲಕ, ಅವನನ್ನ ದ್ವಾರಪೋಷಕ ಅಂದವರುಂಟಾ? ಸಂಘಕ್ಕೆ ದುಡ್ಡು ಕೊಟ್ಟವರು ಪೋಷಕ ಸದಸ್ಯರೇ.

ಪತ್ರದ ಬರಹ: ಪತ್ರದಲ್ಲಿ ಯಾವ ಪದ ಬರೆದ್ರೂ ಮಾವನಿಗೆ ಅಧಿಕಾರ ಹುಟ್ಟಲ್ಲ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಂ ಪ್ರಕಾರ ತಂದೆ ನಂತರ ತಾಯಿಯೇ ಸ್ವಾಭಾವಿಕ ಪಾಲಕಿ. ಬರೀ ಸಾಕ್ತಿರೋರು ಮೈನರ್ ಆಸ್ತಿ ವ್ಯವಹಾರ ಮಾಡೋ ಹಾಗಿಲ್ಲ ಅಂತ 11ನೇ ಕಲಂ ಹೇಳುತ್ತೆ. ತಾಯಿ ಮಾರಬೇಕಂದ್ರೂ ಮೊದಲು ಕೋರ್ಟ್ ಅನುಮತಿ ಬೇಕು, 8ನೇ ಕಲಂ. ಅರ್ಜಿ ಹುಡುಗಿ ಇರೋ ಊರಲ್ಲಲ್ಲ, ಆಸ್ತಿ ಇರೋ ಕಡೆ; ಅಂದ್ರೆ ಚಿತ್ರದುರ್ಗ ಅಲ್ಲ, ದಾವಣಗೆರೆ ಜಿಲ್ಲಾ ನ್ಯಾಯಾಲಯ. ಜನನ ಪ್ರಮಾಣಪತ್ರ, ವಿಲ್, ಪಹಣಿ, ಇಸಿ (ಋಣಭಾರ ಪ್ರಮಾಣಪತ್ರ) ಇಟ್ಟುಕೊಳ್ಳಿ. ಯಾಕೆ ಮಾರ್ತೀವಿ, ಬಂದ ದುಡ್ಡು ಎಲ್ಲಿಡ್ತೀವಿ ಅನ್ನೋದನ್ನ ಬಿಡಿಸಿ ಬರೀರಿ. ‘ಮನೆ ಖರ್ಚಿಗೆ’ ಅಂತ ಒಂದು ಸಾಲು ಗೀಚಿದ್ರೆ ಸಾಲಲ್ಲ. ಹುಡುಗಿಯ ಅಗತ್ಯ ಅಥವಾ ಸ್ಪಷ್ಟ ಲಾಭ ಕಾಣದಿದ್ರೆ ಅನುಮತಿ ಸಿಗಲ್ಲ.

ಕಟ್ಟೆಮಾತು: ನಮ್ಮ ಕಡೆ ಎಷ್ಟೋ ಪತ್ರ ಅನುಮತಿ ಇಲ್ದೆ ಆಗಿವೆಯಲ್ಲ ಸರ್?

ಪತ್ರದ ಬರಹ: ಅದ್ರಲ್ಲಿ ಎರಡು ಬಗೆ. ಒಟ್ಟು ಕುಟುಂಬದ ಪಿತ್ರಾರ್ಜಿತದಲ್ಲಿ ಮೈನರ್ ಪಾಲಿದ್ರೆ, ಕುಟುಂಬದ ಅಗತ್ಯಕ್ಕೆ ಕರ್ತ (ಮನೆ ಯಜಮಾನ) ಮಾರೋವಾಗ 8ನೇ ಕಲಂ ಅಡ್ಡ ಬರಲ್ಲ. ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಈ ತೋಟ ಹುಡುಗಿಯ ಸ್ವಂತದ್ದು. ತಾಯಿ ಕೋರ್ಟ್ ಅನುಮತಿ ಇಲ್ದೆ ಮಾರಿದ್ರೆ, ಹುಡುಗಿ 18 ತುಂಬಿದ ಮೇಲೆ 3 ವರ್ಷದೊಳಗೆ ದಾವೆ ಹಾಕಿ ರದ್ದು ಮಾಡಿಸಬಹುದು. ಸಬ್‌ರಿಜಿಸ್ಟ್ರಾರ್ ನೋಂದಣಿ ಮಾಡಿಬಿಟ್ರು ಅಂತ ಆ ದೋಷ ಹೋಗಲ್ಲ. ಕೊಳ್ಳೋರು ಇದನ್ನ ನೋಡಲ್ಲ, ರೇಟ್ ನೋಡ್ತಾರೆ!

ಆನಗೋಡು ರೈತ: ಹಂಗಾದ್ರೆ ಈ ವರ್ಷದ ಫಸಲು ಖೇಣಿ (ಫಸಲಿನ ಗುತ್ತಿಗೆ) ಕೊಡೋಕೂ ಕೋರ್ಟಿಗೆ ಹೋಗ್ಬೇಕಾ?

ಪತ್ರದ ಬರಹ: ಬೇಡ. ಅದು ತೋಟದ ಮಾರಾಟ ಅಲ್ಲ, ಮಗಳ ಒಳಿತಿಗೆ ಮಾಡೋ ನಿರ್ವಹಣೆ. ಆದ್ರೆ ಕರಾರಿಗೆ ತಾಯಿ ಸಹಿ ಇರಲಿ, ದುಡ್ಡು ಹುಡುಗಿ ಖಾತೆಗೇ ಬೀಳಲಿ. ಮಾವನೇ ನೋಡ್ಕೋಬೇಕಂದ್ರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಪಾಲಕನಾಗಿ ನೇಮಿಸಿ ಅಂತ ಕೋರ್ಟಿಗೆ ಅರ್ಜಿ ಹಾಕ್ಲಿ.